ವಾರಕ್ಕೆ ಮೂರು ಗಂಟೆ

ಅನಂತರಾಜು ಮೇಷ್ಟ್ರು ಕೈಲಾಂಚ ಹೋಬಳಿಯ ಸೀಗೆಕಟ್ಟೆದೊಡ್ಡಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಹುಟ್ಟೂರು ಮಾಗಡಿ ಕಡೆ. ರಾಮನಗರದಲ್ಲಿ ಮನೆ ಮಾಡಿಕೊಂಡು ದಿನವೂ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದರು. ಪಾಠ ಚೆನ್ನಾಗಿ ಮಾಡುತ್ತಾರೆ, ಹುಡುಗರ ಮೇಲೆ ಕೈ ಎತ್ತುವುದಿಲ್ಲ, ಸುಳ್ಳು ರಜೆ ಹಾಕುವುದಿಲ್ಲ ಎಂದು ಸುತ್ತಲ ಊರುಗಳಲ್ಲಿ ಒಳ್ಳೆಯ ಹೆಸರಿತ್ತು.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಬಿಡದಿ ಕಡೆಯ ಒಂದು ಕಾರ್ಖಾನೆಯವರು ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಟ್ಟರು. ಆ ವರ್ಷಗಳಲ್ಲಿ ಹೆದ್ದಾರಿಯ ಎರಡೂ ಬದಿ ಹೊಲಗಳಿಗೆ ಕಾಂಪೌಂಡ್ ಏಳುತ್ತಿತ್ತು. ಹೊಸದಾಗಿ ಬಂದ ಕಂಪನಿಗಳು ಶಾಲೆಗೆ ಬೆಂಚು, ನೀರಿನ ಟ್ಯಾಂಕು ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವುದು ಸಾಮಾನ್ಯವಾಗಿತ್ತು. ಕಂಪ್ಯೂಟರುಗಳನ್ನು ಮೂಲೆಯ ಕೊಠಡಿಯಲ್ಲಿಟ್ಟು, ಪೂಜೆ ಮಾಡಿ, ಪರದೆಗಳಿಗೆ ಕುಂಕುಮ ಹಚ್ಚಿ, ಹೂವಿನ ಚಿತ್ರದ ಬಟ್ಟೆಯ ಗವುಸು ಹಾಕಿದರು. ಹೆಡ್‌ಮಾಸ್ಟರು ಬೀಗದ ಕೈಯನ್ನು ಅನಂತರಾಜು ಅವರಿಗೆ ಕೊಟ್ಟು, "ಇವು ನಿಮ್ಮ ಜವಾಬ್ದಾರಿ ಮೇಷ್ಟ್ರೇ. ಇಲಿ ವೈರ್ ಕಡಿದ್ರೂ ನಾನು ನಿಮ್ಮನ್ನೇ ಕೇಳೋದು" ಎಂದರು.

ಅದಕ್ಕೂ ಮುಂಚೆ ಅನಂತರಾಜು ರಾಮನಗರದಲ್ಲಿ ನಾಲ್ಕು ದಿನದ ತರಬೇತಿಗೆ ಹೋಗಿ ಬಂದಿದ್ದರು. ಮೂವತ್ತು ಜನ ಮೇಷ್ಟ್ರುಗಳಿಗೆ ಐದು ಯಂತ್ರ. ಹಿಂದಿನ ಸಾಲಿನಲ್ಲಿ ನಿಂತು ನೋಡಿದ್ದೇ ಹೆಚ್ಚು. ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುವ ಒಂದು ಪುಸ್ತಕ ಮಾತ್ರ ಕೈಗೆ ಬಂದಿತ್ತು. ಅದನ್ನು ಅವರು ಮನೆಯಲ್ಲಿ ಕೂತು ಆಸೆಯಿಂದ ಓದಿದ್ದರು, ಅದರ ತರ್ಕವೆಲ್ಲ ಅರ್ಥವಾಗಿತ್ತು. ಆದರೆ ಒಂದು ಶನಿವಾರ ಎಲ್ಲರೂ ಹೋದ ಮೇಲೆ ಕೊಠಡಿಯ ಬಾಗಿಲು ತೆಗೆದು ಒಂದು ಯಂತ್ರಕ್ಕೆ ಸ್ವಿಚ್ ಹಾಕಿದಾಗ ಅದು ಕೀಂ ಕೀಂ ಎಂದು ಕೂಗಿ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಸುಮ್ಮನಾಯಿತು. ಅವರು ಪ್ಲಗ್ ಕಿತ್ತರು. ತಾನೇ ಕೆಡಿಸಿಬಿಟ್ಟೆನೇನೋ ಎಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ಗವುಸು ಹಾಕಿ ಬೀಗ ಹಾಕಿದವರು ಮತ್ತೆ ಆ ಬಾಗಿಲು ತೆಗೆದದ್ದು ಆಯುಧಪೂಜೆಗೆ, ಕಸ ಹೊಡೆಸುವುದಕ್ಕೆ.

ಆದರೂ ಪ್ರೋಗ್ರಾಂ ಬರೆಯುವುದನ್ನು ಅವರು ಮಕ್ಕಳಿಗೆ ಕಲಿಸಿದರು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಹೊಂಗೆ ಮರದ ಕೆಳಗೆ. ಮಕ್ಕಳು ನೋಟ್ ಪುಸ್ತಕದಲ್ಲಿ ಸಾಲು ಸಾಲಾಗಿ ಆಜ್ಞೆಗಳನ್ನು ಬರೆದು ತಂದರೆ ಮೇಷ್ಟ್ರು ಕಂಪ್ಯೂಟರ್ ಆಗುತ್ತಿದ್ದರು. ಅಂದರೆ, ಬರೆದದ್ದನ್ನು ಬರೆದ ಹಾಗೆಯೇ ಒಂದೊಂದು ಸಾಲಾಗಿ ಮಾಡುತ್ತ ಹೋಗುವುದು. ಹತ್ತನೇ ಸಾಲು, ಇಪ್ಪತ್ತನೇ ಸಾಲು, ವಾಪಸ್ ಹತ್ತಕ್ಕೆ. ಬರೆದವರು ತಪ್ಪು ಮಾಡಿದ್ದರೆ ಮೇಷ್ಟ್ರು ಅದೇ ಎರಡು ಸಾಲಿನ ನಡುವೆ ಸುತ್ತುತ್ತಲೇ ಇರುತ್ತಿದ್ದರು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊದಲು ಹನ್ನೆರಡು ಮಕ್ಕಳು ಬರುತ್ತಿದ್ದರು. ರೇಷ್ಮೆ ಹುಳ ಮೇಯಿಸುವ ಕಾಲ ಬಂದಾಗ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಲು ಕೈ ಬೇಕಾಗಿ ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಉಳಿದವಳು ಭಾನುಪ್ರಿಯ ಒಬ್ಬಳೇ.

ಭಾನುಪ್ರಿಯ ಅದೇ ಊರಿನ ತಿಮ್ಮಯ್ಯ, ಸಿದ್ದಮ್ಮ ದಂಪತಿಗಳ ಮಗಳು. ಅವರದು ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಮನೆಯ ಮುಕ್ಕಾಲು ಭಾಗ ರೇಷ್ಮೆ ಹುಳುವಿಗೆ. ಹುಡುಗಿ ಹೆಚ್ಚು ಮಾತಾಡುವವಳಲ್ಲ. ಆದರೆ ಒಂದು ಲೆಕ್ಕ ತಲೆಗೆ ಹೊಕ್ಕರೆ ಬಿಡುತ್ತಿರಲಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಂ ಬರೆದುಕೊಂಡು ಬಾ ಎಂದು ಮೇಷ್ಟ್ರು ಹೇಳಿದಾಗ, ಎರಡರಿಂದ ಶುರುಮಾಡಿ ಎಲ್ಲದರಿಂದಲೂ ಭಾಗಿಸಿ ನೋಡುವ ಹಾಗೆ ಬರೆದು ತಂದಳು. ಮೇಷ್ಟ್ರು ತೊಂಬತ್ತೇಳನ್ನು ತೆಗೆದುಕೊಂಡು ಭಾಗಿಸುತ್ತ ಕೂತರು. ನಲವತ್ತರ ಹತ್ತಿರ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅವರ ಕೈ ನೋಯುತ್ತಿತ್ತು.

ಮಾರನೇ ದಿನ ಅವಳು ಬಂದು, "ಸಾ, ಎರಡು ಸಾಲು ಬದಲಾಯಿಸಿವ್ನಿ" ಎಂದಳು.

"ಏನು ಬದಲಾಯಿಸಿದೆ?"

"ಭಾಗಿಸೋ ಸಂಖ್ಯೆಗಿಂತ ಬರೋ ಉತ್ತರ ಚಿಕ್ಕದಾದ್ರೆ ಅಲ್ಲಿಗೇ ನಿಲ್ಸ್‌ಬೌದು ಸಾ. ಹತ್ತರಿಂದ ಭಾಗಿಸಿದ್ರೆ ಒಂಬತ್ತು ಬತ್ತದೆ. ಅದ್ರಿಂದ ಮುಂದಕ್ಕೆ ಯಾವ್ದಾದ್ರೂ ಸರ್ಯಾಗಿ ಹೋಗೋ ಹಂಗಿದ್ರೆ ಅದ್ರ ಜೋಡಿ ಒಂಬತ್ತರೊಳಗೇ ಇರ್ಬೇಕು. ಅವ್ನೆಲ್ಲ ಆಗ್ಲೇ ನೋಡಾಗೈತೆ."

ಒಂಬತ್ತು ಸಲ ಭಾಗಿಸುವಷ್ಟರಲ್ಲಿ ಕೆಲಸ ಮುಗಿಯಿತು. ಪುಸ್ತಕದಲ್ಲಿ ಮುಂದಿನ ಅಧ್ಯಾಯಕ್ಕೆ ಇಟ್ಟುಕೊಂಡಿದ್ದ ಪಾಠ ಅದು. ಮೇಷ್ಟ್ರು ಇನ್ನೂ ಅದನ್ನು ಹೇಳಿರಲಿಲ್ಲ. "ಇದು ನಿನಗೆ ಹೆಂಗೆ ಹೊಳೀತವ್ವಾ?" ಎಂದು ಕೇಳಿದರು.

"ನಿನ್ನೆ ನೀವು ಸುಸ್ತಾದ್ರಲ್ಲ ಸಾ. ನಿಮ್ಗೆ ಕೆಲ್ಸ ಕಮ್ಮಿ ಮಾಡಣ ಅಂತ ನೋಡ್ತಿದ್ದೆ."

ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಇಂಥ ಮಗು ಒಂದು ಸಿಕ್ಕರೆ ಸಾಕು ಎಂದು ಅವರು ಆ ರಾತ್ರಿ ಹೆಂಡತಿ ಸುಚಿತ್ರಾಗೆ ಹೇಳಿದರು.

ಎರಡು ಸಾವಿರದ ಮೂರರ ನವೆಂಬರಿನಲ್ಲಿ, ಭಾನುಪ್ರಿಯ ಒಂಬತ್ತನೇ ತರಗತಿಯಲ್ಲಿದ್ದಾಗ, ಚನ್ನಪಟ್ಟಣದಿಂದ ಒಂದು ಸುತ್ತೋಲೆ ಬಂತು. ಗಫಾರ್ ಎಂಬ ನಿವೃತ್ತ ಗಣಿತ ಉಪನ್ಯಾಸಕರು ಕಾರ್ಖಾನೆಗಳ ಕೆಲವು ಎಂಜಿನಿಯರುಗಳನ್ನು ಸೇರಿಸಿಕೊಂಡು ಹಳ್ಳಿ ಮಕ್ಕಳಿಗಾಗಿ ಒಂದು ಗಣಿತ ಕೂಟ ಶುರುಮಾಡಿದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಒಂದು ಸ್ಪರ್ಧೆ. ಬೆಳಿಗ್ಗೆ ಬರವಣಿಗೆಯಲ್ಲಿ ಗಣಿತ, ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಂ. ಆರಿಸಿದ ಹನ್ನೆರಡು ಮಕ್ಕಳಿಗೆ ಎರಡು ವರ್ಷ ಭಾನುವಾರದ ತರಗತಿ, ಬೇಸಿಗೆ ಶಿಬಿರ, ಆಮೇಲೆ ಪಿಯುಸಿ ವಿಜ್ಞಾನ ಓದಲು ಹಾಸ್ಟೆಲು, ಪುಸ್ತಕ ಎಲ್ಲವೂ ಕೂಟದ ಕಡೆಯಿಂದ.

ಜೊತೆಗೆ ಒಂದು ಅರ್ಜಿ ಇತ್ತು. ಶಾಲೆಯಲ್ಲಿ ಕಂಪ್ಯೂಟರ್ ಇದೆಯೇ, ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಎಂದು ಅದರಲ್ಲಿ ಕೇಳಿದ್ದರು. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಯಂತ್ರವನ್ನು ಮುಟ್ಟಿ ಅಭ್ಯಾಸವಿಲ್ಲದ ಮಕ್ಕಳಿಗೆ ಮಧ್ಯಾಹ್ನದ ಪರೀಕ್ಷೆಯನ್ನೂ ಕಾಗದದ ಮೇಲೆಯೇ ಬರೆಯಲು ಕೊಡಲಾಗುವುದು ಎಂದು ಬರೆದಿತ್ತು. ಅದನ್ನು ಅನಂತರಾಜು ಓದಿದ್ದರು. ಕಂಪ್ಯೂಟರ್ ನಾಲ್ಕು ಎಂದು ತುಂಬಿದರು. ಗಂಟೆಯ ಮುಂದೆ ಪೆನ್ನು ನಿಂತಿತು. ಸೊನ್ನೆ ಎಂದು ಬರೆದರೆ ಆ ಕಾಗದ ಎಂಜಿನಿಯರುಗಳ ಕಣ್ಣಿಗೆ ಬೀಳುತ್ತದೆ. ಇಷ್ಟು ದಿನ ಕೊಠಡಿ ಮುಚ್ಚಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ, ನನಗೆ ಆನ್ ಮಾಡಲು ಬರುವುದಿಲ್ಲ ಎಂದು ಹೇಳಬೇಕಾಗುತ್ತದೆ. ಮೂರು ಎಂದು ಬರೆದರು. ಹೆಡ್‌ಮಾಸ್ಟರು ನೋಡದೆ ಸಹಿ ಹಾಕಿದರು.

ಸ್ಪರ್ಧೆಗೆ ಮೂರು ವಾರ ಇತ್ತು. ಭಾನುಪ್ರಿಯ ಒಂದು ಸಂಜೆ ಕೇಳಿದಳು. "ಸಾ, ಒಂದ್ ಕಿತ ಮಿಷಿನ್ ಮ್ಯಾಲೆ ಹಾಕಿ ನೋಡಣ್ವಾ?"

"ಕಾಗದದ ಮೇಲೆ ಬಂದ್ರೆ ಮಿಷಿನ್ ಮೇಲೂ ಬಂದಂಗೇ ಕಣವ್ವ. ಬರೆಯೋದು ಬುದ್ಧಿ, ಒತ್ತೋದು ಬರೀ ಬೆರಳು."

"ಒಂದೇ ಒಂದ್ ಸಲ ಸಾ."

"ಮುಂದಿನ ವಾರ ನೋಡಣ. ವೋಲ್ಟೇಜ್ ಸರಿಯಿಲ್ಲ."

ಮುಂದಿನ ವಾರ ಅವಳು ಮತ್ತೆ ಕೇಳಲಿಲ್ಲ. ಮೇಷ್ಟ್ರು ಬೇಡ ಎಂದ ಮೇಲೆ ಬೇಡ. ಹೆದರಿಕೆಯೊಂದೇ ಕಾರಣವಲ್ಲ ಎಂದು ಅನಂತರಾಜು ಬಹಳ ವರ್ಷಗಳ ನಂತರ ತಮ್ಮೊಳಗೇ ಒಪ್ಪಿಕೊಂಡರು. ಸಂಜೆ ಆ ಮರದ ಕೆಳಗೆ ಅವಳು ಬರೆದದ್ದನ್ನು ತಾವು ಮಾಡಿ ತೋರಿಸುತ್ತ ಕೂರುವುದು ಅವರಿಗೆ ದಿನದ ಒಳ್ಳೆಯ ಹೊತ್ತಾಗಿತ್ತು. ಯಂತ್ರ ಸಿಕ್ಕಿಬಿಟ್ಟರೆ ಅವಳಿಗೆ ತಾವು ಬೇಕಾಗುವುದಿಲ್ಲ ಎಂಬ ಸಣ್ಣ ಸಂಕಟವೂ ಅಲ್ಲಿ ಇತ್ತು.

ಡಿಸೆಂಬರಿನ ಎರಡನೇ ಶನಿವಾರ ಮೇಷ್ಟ್ರು ಊರಿಗೆ ಹೋಗಿ ಹುಡುಗಿಯನ್ನು ರಾಮನಗರಕ್ಕೆ ಕರೆತಂದು, ಅಲ್ಲಿಂದ ಇಬ್ಬರೂ ಚನ್ನಪಟ್ಟಣದ ಬಸ್ಸು ಹತ್ತಿದರು. ಸ್ಪರ್ಧೆ ಒಂದು ಖಾಸಗಿ ಕಾಲೇಜಿನಲ್ಲಿತ್ತು. ಸಿದ್ದಮ್ಮ ಮಗಳಿಗೆ ಹೊಸ ರಿಬ್ಬನ್ ಕಟ್ಟಿ, ಇಬ್ಬರಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಬೆಳಗಿನ ಪರೀಕ್ಷೆ ಮುಗಿಸಿ ಹೊರಗೆ ಬಂದ ಹುಡುಗಿ ಆರು ಲೆಕ್ಕದಲ್ಲಿ ಐದು ಪೂರ್ತಿ ಮಾಡಿದ್ದೇನೆ ಎಂದಳು. ಆರನೆಯದನ್ನು ನೀರಿನ ನಲ್ಲಿಯ ಹತ್ತಿರ ನಿಂತು ಬಾಯಿಮಾತಿನಲ್ಲೇ ಬಿಡಿಸಿ, "ಥೂ, ಇಷ್ಟೇ ಇತ್ತು" ಎಂದು ನಕ್ಕಳು. ಅವಳು ಅಷ್ಟು ಮಾತಾಡಿದ್ದನ್ನು ಮೇಷ್ಟ್ರು ನೋಡಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಕಂಪ್ಯೂಟರ್ ಕೊಠಡಿ. ಗಾಜಿನ ಕಿಟಕಿಯ ಆಚೆ ಮೇಷ್ಟ್ರುಗಳಿಗೆಲ್ಲ ಕುರ್ಚಿ ಹಾಕಿದ್ದರು. ಅನಂತರಾಜು ಎರಡು ಗಂಟೆ ಕಾಲ ಅವಳನ್ನೇ ನೋಡಿದರು. ಮೊದಲ ಹತ್ತು ನಿಮಿಷದಲ್ಲಿ ಅವಳು ಮೂರು ಪ್ರಶ್ನೆಗೂ ಪ್ರೋಗ್ರಾಂ ಯೋಚಿಸಿ ಒರಟು ಕಾಗದದ ಮೇಲೆ ಬರೆದು ಮುಗಿಸಿದಳು. ಆಮೇಲೆ ಕೀಲಿಗಳ ಮೇಲೆ ಬಾಗಿ ಒಂದೊಂದು ಅಕ್ಷರವನ್ನು ಹುಡುಕತೊಡಗಿದಳು. ಅವಳಿಗೆ ಗೊತ್ತಿದ್ದ ಎಬಿಸಿಡಿ ಆ ಕ್ರಮದಲ್ಲಿ ಅಲ್ಲಿರಲಿಲ್ಲ. ಒಂದು ಸಾಲು ಮುಗಿದ ಮೇಲೆ ಕೆಳಗಿನ ಸಾಲಿಗೆ ಹೋಗಲು ಒತ್ತಬೇಕಾದ ಕೀಲಿ ಯಾವುದೆಂದು ಗೊತ್ತಿರಲಿಲ್ಲ. ಕಾಗದದ ಮೇಲೆ ಸಾಲು ಮುಗಿದರೆ ಕೈ ತಾನಾಗಿ ಕೆಳಗೆ ಹೋಗುತ್ತದೆ. ಅವಳು ಖಾಲಿ ಜಾಗ ಬಿಡುವ ಉದ್ದ ಕೀಲಿಯನ್ನು ಒತ್ತುತ್ತ, ಒತ್ತುತ್ತ, ಸಾಲು ತುಂಬಿಸಿ ಕೆಳಗೆ ಇಳಿದಳು. ಹಾಗೇ ಎರಡನೇ ಸಾಲು. ಹಾಗೇ ಮೂರನೇ ಸಾಲು. ಉದ್ಧರಣ ಚಿಹ್ನೆಗೆ ಎರಡು ಕೀಲಿ ಒಟ್ಟಿಗೆ ಒತ್ತಬೇಕು. ಅದನ್ನು ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು.

ಎದ್ದು ಒಳಗೆ ಹೋಗಿ, ಈ ಮಗು ಯಂತ್ರ ಮುಟ್ಟಿದ್ದು ಇವತ್ತೇ ಮೊದಲು, ಕಾಗದದ ಮೇಲೆ ಬರೆಯಲು ಬಿಡಿ ಎನ್ನಬೇಕು ಎಂದು ಅನಂತರಾಜು ಅವರಿಗೆ ಅನಿಸಿತು. ಅನಿಸುತ್ತಲೇ ಇತ್ತು. ಎದ್ದರೆ ಅರ್ಜಿ ನೋಡುತ್ತಾರೆ. ಕೂತೇ ಇದ್ದರು. ಇನ್ನು ಇಪ್ಪತ್ತು ನಿಮಿಷ ಇರುವಾಗ ಮೇಲ್ವಿಚಾರಣೆಗಿದ್ದ ಒಬ್ಬ ಯುವತಿ ಗಮನಿಸಿ ಬಂದು ಏನೋ ತೋರಿಸಿದಳು. ಭಾನುಪ್ರಿಯ ಎಲ್ಲವನ್ನೂ ಅಳಿಸಿ ಮೊದಲಿಂದ ಶುರುಮಾಡಿದಳು. ಗಂಟೆ ಹೊಡೆದಾಗ ಒಂದು ಪ್ರೋಗ್ರಾಂ ಮಾತ್ರ ಮುಗಿದಿತ್ತು.

ಫಲಿತಾಂಶ ಐದೂವರೆಗೆ ಹೇಳಿದರು. ಹನ್ನೆರಡು ಹೆಸರಿನಲ್ಲಿ ಅವಳ ಹೆಸರಿರಲಿಲ್ಲ. ಎಲ್ಲರೂ ಚದುರುತ್ತಿದ್ದಾಗ ಗಫಾರ್ ಅವರೇ ಅನಂತರಾಜು ಅವರನ್ನು ಹುಡುಕಿಕೊಂಡು ಬಂದರು. ಎತ್ತರದ, ಮೃದು ದನಿಯ ಮನುಷ್ಯ. ಅವರ ಕೈಯಲ್ಲಿ ಹುಡುಗಿಯ ಉತ್ತರಪತ್ರಿಕೆಯೂ ಅರ್ಜಿಯೂ ಇದ್ದವು.

"ಮೇಷ್ಟ್ರೇ, ಬೆಳಗಿನ ಪರೀಕ್ಷೆಯಲ್ಲಿ ನಾಲ್ಕು ತಾಲ್ಲೂಕಿಗೂ ಇವಳದೇ ಹೆಚ್ಚು ಅಂಕ. ಮಧ್ಯಾಹ್ನ ಏನಾಯ್ತು? ಕಂಪ್ಯೂಟರ್ ಮುಟ್ಟೇ ಇಲ್ಲದವಳ ಹಾಗೆ ಕೂತಿದ್ದಳಂತೆ. ನಿಮ್ಮ ಅರ್ಜಿಯಲ್ಲಿ ವಾರಕ್ಕೆ ಮೂರು ಗಂಟೆ ಅಭ್ಯಾಸ ಅಂತಿದೆ. ಅಭ್ಯಾಸ ಇಲ್ಲ ಅಂದ್ರೆ ಹೇಳಿ. ಅಂಥವರಿಗೆ ಬೇರೆ ನಿಯಮ ಇದೆ, ಅವಳು ಒರಟು ಕಾಗದದ ಮೇಲೆ ಬರೆದಿರೋದನ್ನೇ ಈಗ ತರಿಸಿ ನೋಡ್ತೀನಿ."

ಅವರು ಹೀಗೆ ಬಾಗಿಲು ತೆರೆದು ನಿಂತಿದ್ದರು. ಪಕ್ಕದಲ್ಲಿ ಬೇರೆ ಶಾಲೆಗಳ ಇಬ್ಬರು ಮೇಷ್ಟ್ರುಗಳೂ ಕೇಳಿಸಿಕೊಳ್ಳುತ್ತಿದ್ದರು. ಅನಂತರಾಜು, "ಅಭ್ಯಾಸ ಕೊಟ್ಟಿದ್ದೀವಿ ಸಾರ್" ಎಂದರು. ನಾಲಗೆ ಅಲ್ಲಿಗೆ ನಿಲ್ಲಲಿಲ್ಲ. "ಹುಡುಗಿ ಒಸಿ ಪುಕ್ಕಲು. ಹೊಸ ಜಾಗ ನೋಡಿ ಗಾಬರಿಯಾಗ್ಬುಟ್ಟಿದ್ದಾಳೆ."

ಗಫಾರ್ ಪತ್ರಿಕೆಯನ್ನು ಮಡಿಸಿ, "ಪಾಪ, ಆಗುತ್ತೆ" ಎಂದು ಹೊರಟುಹೋದರು. ಅನಂತರಾಜು ತಿರುಗಿದಾಗ ಭಾನುಪ್ರಿಯ ಎರಡು ಮಾರು ಹಿಂದೆ, ಟಿಫನ್ ಡಬ್ಬಿ ಹಿಡಿದುಕೊಂಡು ನಿಂತಿದ್ದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮೇಷ್ಟ್ರು ಕಡಲೆಕಾಯಿ ಕೊಡಿಸಿದರು, ತಿನ್ನಲಿಲ್ಲ. ರಾಮನಗರದಲ್ಲಿ ಇಳಿದು ಕೈಲಾಂಚದ ಕಡೆಯ ಬಸ್ಸಿಗೆ ಕಾಯುವಾಗ, ನೆಲ ನೋಡುತ್ತ, ಮೆಲ್ಲಗೆ ಹೇಳಿದಳು.

"ನಾನು ಗಾಬ್ರಿಯಾಗಿರ್ಲಿಲ್ಲ ಸಾ."

ಅವರು ಉತ್ತರ ಕೊಡಲಿಲ್ಲ. ಬಸ್ಸು ಬಂತು.

ಸೋಮವಾರದಿಂದ ಅವಳು ಸಂಜೆ ಮರದ ಕೆಳಗೆ ಬರುವುದನ್ನು ನಿಲ್ಲಿಸಿದಳು. ತರಗತಿಯಲ್ಲಿ ಕೇಳಿದರೆ ಉತ್ತರ ಹೇಳುತ್ತಿದ್ದಳು, ಕೇಳದಿದ್ದರೆ ಇಲ್ಲ. ಅನಂತರಾಜು ಆ ವಾರವೇ ರಾಮನಗರದ ಒಬ್ಬ ರಿಪೇರಿಯವನನ್ನು ಕರೆತಂದು ಕೊಠಡಿ ತೆರೆದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಕೀಲಿಮಣೆಯ ವೈರು ಸಡಿಲವಾಗಿತ್ತು, ಕೂಗಿದ್ದು ಅದಕ್ಕೇ. ಎರಡು ನಿಮಿಷದ ಕೆಲಸ. ತಮಗೆ ಬರುವುದಿಲ್ಲ ಎಂದು ಆ ರಿಪೇರಿಯವನ ಹತ್ತಿರ ಹೇಳಿಕೊಂಡು, ಮೂರು ತಿಂಗಳು ಭಾನುವಾರ ಭಾನುವಾರ ಅವನ ಅಂಗಡಿಯಲ್ಲಿ ಕೂತು ಕಲಿತರು. ಅದಾದ ಮೇಲೆ ಎಲ್ಲ ಮಕ್ಕಳಿಗೂ ಸರದಿ ಹಾಕಿದರು. ಭಾನುಪ್ರಿಯಳ ಸರದಿ ಬಂದಾಗ ಅವಳು, "ಮನೇಲಿ ಹುಳ ಹಣ್ಣಾಗವೆ ಸಾ, ಗೂಡು ಕಟ್ಟೋ ಹೊತ್ತು, ಹೋಗ್ಬೇಕು" ಎನ್ನುತ್ತಿದ್ದಳು. ಮರುವರ್ಷದ ಸ್ಪರ್ಧೆಗೆ ಹೆಸರು ಕೊಡು ಎಂದರೆ ಒಲ್ಲೆ ಎಂದು ತಲೆ ಅಲ್ಲಾಡಿಸಿದಳು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತಕ್ಕೆ ತೊಂಬತ್ತೆಂಟು ಬಂತು. ಪಿಯುಸಿ ವಿಜ್ಞಾನಕ್ಕೆ ಹಾಕಿ ಎಂದು ಹೇಳಲು ಅನಂತರಾಜು ಅವರ ಮನೆಗೆ ಹೋದರು. ತಿಮ್ಮಯ್ಯ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ.

"ಓದ್ಸೋಕೆ ನಂಗೇನ್ ಬ್ಯಾಸ್ರ ಇಲ್ಲ ಮೇಷ್ಟ್ರೇ. ಆದ್ರೆ ವಿಜ್ಞಾನ ಅಂದ್ರೆ ರಾಮನಗರದಲ್ಲಿ ಹಾಸ್ಟೆಲ್‌ಗೆ ಬುಡ್ಬೇಕು. ಚನ್ನಪಟ್ಣದಲ್ಲಿ ಒಂದ್ ಪರೀಕ್ಷೆಗೇ ಗಾಬ್ರಿಯಾಗಿ ಕೈ ಆಡದಂಗೆ ಕೂತಿದ್ಲಂತಲ್ಲ, ನೀವೇ ಹೇಳಿದ್ರಂತೆ. ಆವತ್ತು ನಿಮ್ಮ ಜೊತೇಲಿದ್ದ ಮೇಷ್ಟ್ರು ಒಬ್ರು ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಸಿಕ್ಕಿ ಹೇಳಿದ್ರು. ಅಂಥೋಳು ಹಾಸ್ಟೆಲಲ್ಲಿ ಇರ್ತಾಳಾ? ನಿಜ ಹೇಳಿ."

ಹುಡುಗಿ ಒಳಬಾಗಿಲಲ್ಲಿ ನಿಂತು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು. ಅನಂತರಾಜು, "ವಯಸ್ಸು ಬಂದಂಗೆ ಸರಿಹೋಗ್ತಾಳೆ ತಿಮ್ಮಯ್ಯನೋರೇ" ಎಂದರು. ಅದು ಅವಳ ಪರವಾಗಿ ಆಡಿದ ಮಾತು ಎಂದೇ ಅವರು ಆ ಗಳಿಗೆಯಲ್ಲಿ ಅಂದುಕೊಂಡಿದ್ದರು. ಭಾನುಪ್ರಿಯ ಒಳಗೆ ಹೋದಳು.

ಅವಳನ್ನು ಓಡಾಡಿಕೊಂಡು ಓದುವ ಹಾಗೆ ಹತ್ತಿರದ ಕಾಲೇಜಿನ ಕಲಾ ವಿಭಾಗಕ್ಕೆ ಸೇರಿಸಿದರು. ಅವಳು ಒಂದು ವರ್ಷ ಹೋದಳು. ಆ ಹೊತ್ತಿಗೆ ಹೆದ್ದಾರಿಯ ಪಕ್ಕದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಊರೂರಿಗೆ ಬರತೊಡಗಿತ್ತು. ಬೆಳಿಗ್ಗೆ ಏಳಕ್ಕೆ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗಿ ಸಂಜೆ ಏಳಕ್ಕೆ ಬಿಡುತ್ತಿತ್ತು. ಊರಿನ ಹುಡುಗಿಯರೆಲ್ಲ ಹೋಗುತ್ತಿದ್ದರು. ಇಷ್ಟವಿಲ್ಲದ ಚರಿತ್ರೆ ಓದುವುದಕ್ಕಿಂತ ಅದೇ ಮೇಲು ಎಂದು ಅವಳೂ ಹೋದಳು.

ಇತ್ತ ಶಾಲೆಯ ಕಂಪ್ಯೂಟರ್ ಕೊಠಡಿ ಬೆಳೆಯಿತು. ಎರಡು ಸಾವಿರದ ಏಳರಲ್ಲಿ, ರಾಮನಗರ ಜಿಲ್ಲೆಯಾದ ವರ್ಷ, ಗಫಾರ್ ಅವರ ಕೂಟಕ್ಕೆ ಶಾಲೆಯಿಂದ ಇಬ್ಬರು ಆಯ್ಕೆಯಾದರು. ಮರುವರ್ಷ ಮೂವರು. ಧನುಶ್ರೀ ಎಂಬ ಹುಡುಗಿ ಮೊದಲ ಸ್ಥಾನವನ್ನೇ ಪಡೆದಳು. ಕೂಟದ ವಾರ್ಷಿಕ ಸಭೆಯಲ್ಲಿ ಅನಂತರಾಜು ಅವರಿಗೆ ಶಾಲು ಹೊದಿಸಿದರು. ಗಫಾರ್ ಮೈಕಿನ ಮುಂದೆ, "ಬೇರೆ ಶಾಲೆಗಳಲ್ಲಿ ಯಂತ್ರಗಳು ಗವುಸಿನ ಕೆಳಗೆ ಮಲಗಿದ್ದ ಕಾಲದಲ್ಲೇ, ಎರಡು ಸಾವಿರದ ಮೂರರಲ್ಲೇ, ಈ ಮೇಷ್ಟ್ರು ವಾರಕ್ಕೆ ಮೂರು ಗಂಟೆ ಮಕ್ಕಳನ್ನು ಕೂರಿಸುತ್ತಿದ್ದರು" ಎಂದರು. ಜನ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಅನಂತರಾಜು ಗಫಾರ್ ಅವರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದರು. ಅರ್ಜಿ, ಬೀಗ, ಗಾಬರಿಯ ಮಾತು, ಯಾವುದನ್ನೂ ಬಿಡಲಿಲ್ಲ.

"ಐದು ವರ್ಷ ಆಯ್ತಲ್ಲ ಮೇಷ್ಟ್ರೇ" ಎಂದರು ಗಫಾರ್. "ನನ್ನ ಹತ್ರ ಹೇಳಿದ್ರೆ ಏನು ಬಂತು? ಆ ಮಗುವಿನ ಮನೆಗೆ ಹೋಗಿ."

ಮಾರನೇ ದಿನ ಭಾನುವಾರ. ಅನಂತರಾಜು ತಿಮ್ಮಯ್ಯನ ಮನೆಗೆ ಹೋದಾಗ ಭಾನುಪ್ರಿಯ ಓವರ್‌ಟೈಮ್ ಎಂದು ಫ್ಯಾಕ್ಟರಿಗೆ ಹೋಗಿದ್ದಳು. ಸಿದ್ದಮ್ಮ ಸೊಪ್ಪು ಕತ್ತರಿಸುತ್ತಿದ್ದಳು. ಮೇಷ್ಟ್ರು ನಿಂತುಕೊಂಡೇ ಗಂಡ ಹೆಂಡಿರಿಬ್ಬರಿಗೂ ಹೇಳಿದರು. ಅವಳು ಹೆದರಿರಲಿಲ್ಲ, ಯಂತ್ರ ಮುಟ್ಟಲು ನಾನೇ ಬಿಟ್ಟಿರಲಿಲ್ಲ, ನನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳ ಮೇಲೆ ಹಾಕಿದೆ ಎಂದರು.

ತಿಮ್ಮಯ್ಯ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನಾನು ನಿಮ್ಮುನ್ನ ಇದೇ ಜಗಲಿ ಮ್ಯಾಲೆ ಕೂರ್ಸಿ ಕೇಳಿದ್ನಲ್ಲ ಮೇಷ್ಟ್ರೇ. ನಿಜ ಹೇಳಿ ಅಂದಿದ್ನಲ್ಲ."

"ಕೇಳಿದ್ರಿ. ಹೇಳಲಿಲ್ಲ ನಾನು."

ಸಿದ್ದಮ್ಮ ಕುಡುಗೋಲು ಕೆಳಗಿಟ್ಟಳು. "ಮಗ್ಳು ಆವಾಗ ಆರ್ ತಿಂಗ್ಳು ಸರ್ಯಾಗಿ ಉಣ್ಲಿಲ್ಲ, ಮಾತಾಡ್ಲಿಲ್ಲ. ಹೆದ್ರಿಕೆ ಕೂತ್ಕಂಡೈತೆ ಅಂತ ಕಬ್ಬಾಳಮ್ಮನ ತಾವ ಕರ್ಕೊಂಡೋಗಿ ದಾರ ಕಟ್ಸಿದ್ದೊ. ಹೆದ್ರಿಲ್ಲ ಕಣವ್ವ ಅಂತ ಅವ್ಳು ಏಸ್ ಸಲ ಹೇಳಿದ್ಲು. ಮೇಷ್ಟ್ರು ಸುಳ್ ಹೇಳ್ತಾರಾ ಅಂತ ನಾನೇ ಬೈದಿದ್ದೆ."

ಅವಳು ಅಳಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟಳು. ಅದನ್ನು ಕುಡಿಯದೆ ಇರುವುದು ಕಷ್ಟ, ಕುಡಿಯುವುದೂ ಕಷ್ಟವಾಗಿತ್ತು. ಅನಂತರಾಜು ಕುಡಿದು ಲೋಟ ಕೆಳಗಿಟ್ಟು, ಭಾನುಪ್ರಿಯ ಬರುವವರೆಗೂ ಕಾದರು.

ಕಂಪನಿ ಬಸ್ಸಿನಿಂದ ಇಳಿದು ಬಂದವಳು ಇಪ್ಪತ್ತರ ಹೆಣ್ಣುಮಗಳು. ಕೊರಳಲ್ಲಿ ಗುರುತಿನ ಚೀಟಿ ಇತ್ತು. ಮೇಷ್ಟ್ರನ್ನು ಕಂಡು ನಿಂತಳು. ಅವರು ಹೇಳಬೇಕಾದದ್ದನ್ನು ಅವಳಿಗೂ ಹೇಳಿದರು. ಅವಳು ತಂದೆಯ ಕಡೆ ತಿರುಗಿ, "ನಿಮ್ಗೂ ಹೇಳಿದ್ರಾ?" ಎಂದು ಕೇಳಿದಳು. ತಿಮ್ಮಯ್ಯ ಹೌದೆಂದು ತಲೆಯಾಡಿಸಿದ.

"ಸರಿ ಬುಡಿ" ಎಂದಳು. ಕೈಕಾಲು ತೊಳೆದುಕೊಂಡು ಬಂದು ಜಗಲಿಯ ಕೊನೆಯಲ್ಲಿ ಕೂತಳು. ತಾನಾಗಿ ಮಾತಾಡಿದಳು. "ಪರೀಕ್ಷೆ ಹೋಗಿದ್ದಕ್ಕೆ ನಂಗೆ ಅಷ್ಟು ಬ್ಯಾಸ್ರ ಆಗ್ಲಿಲ್ಲ ಸಾ. ಬಸ್‌ಸ್ಟ್ಯಾಂಡಲ್ಲಿ ನಿಮ್ಗೆ ಹೇಳಿದೆ. ಆಗ ನೀವು ಹೂಂ ಅಂದಿದ್ರೂ ಸಾಕಾಗಿತ್ತು. ನೀವು ಸುಮ್ನಿದ್ರಿ. ಆಮೇಲೆ ನಂಗೇ ಅನುಮಾನ ಬಂತು, ನಾನು ಹೆದ್ರಿದ್ನೇನೋ, ನಂಗೇ ಗೊತ್ತಾಗ್ಲಿಲ್ವೇನೋ ಅಂತ. ಫ್ಯಾಕ್ಟ್ರೀಲಿ ಸೂಪರ್‌ವೈಸರ್ ಮಾಡ್ತೀವಿ, ಲೆಕ್ಕ ಚೆನ್ನಾಗಿ ನೋಡ್ತೀಯ ಅಂತ ಎರಡು ಸಲ ಕರೆದ್ರು. ಬ್ಯಾಡ ಅಂದೆ. ಎಲ್ಲಿ ಗಾಬ್ರಿಯಾಗ್‌ಬುಡ್ತೀನೋ ಅಂತ."

ಅಷ್ಟು ದಿನ ಅನಂತರಾಜು ಅಂದುಕೊಂಡಿದ್ದು, ತಮ್ಮಿಂದ ಅವಳಿಗೆ ಒಂದು ಸೀಟು ತಪ್ಪಿತು ಎಂದು. ಅವಳು ಕಳೆದುಕೊಂಡದ್ದರ ಲೆಕ್ಕವೇ ಬೇರೆ ಇತ್ತು.

"ಈಗಲೂ ಓದಬಹುದು ಕಣವ್ವ" ಎಂದರು. "ಪಿಯುಸಿ ಖಾಸಗಿಯಾಗಿ ಕಟ್ಟಬಹುದು. ಗಣಿತ ನಾನು ಹೇಳಿಕೊಡ್ತೀನಿ, ಭಾನುವಾರ ಬರ್ತೀನಿ. ಅರ್ಜಿ ನಾನೇ ತಂದುಕೊಡ್ತೀನಿ."

"ತನ್ನಿ ಸಾ, ನೋಡ್ತೀನಿ."

ಮುಂದಿನ ಭಾನುವಾರ ಅರ್ಜಿ, ಪುಸ್ತಕ ಎರಡನ್ನೂ ತಂದುಕೊಟ್ಟರು. ಅವಳು ಪುಸ್ತಕ ಬಿಡಿಸಿ, ಒಂದು ಪುಟದ ಮೇಲೆ ಬೆರಳಿಟ್ಟು ಓದಿ, ಆ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಿರುವುದು ಅವರಿಗೆ ಕಾಣಿಸಿತು. ಮೂರು ಭಾನುವಾರ ಪಾಠ ನಡೆಯಿತು. ನಾಲ್ಕನೆಯ ಭಾನುವಾರ ಫ್ಯಾಕ್ಟರಿಯಲ್ಲಿ ಕೆಲಸವಿತ್ತು. ಐದನೆಯದಕ್ಕೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅರ್ಜಿ ಕೊಡುವ ದಿನಾಂಕ ದಾಟಿಹೋಯಿತು. ಅವಳು ಅದಕ್ಕಾಗಿ ಸಬೂಬು ಹೇಳಲಿಲ್ಲ. "ಈಗ ಆಗಲ್ಲ ಸಾ. ತಲೆ ಹಿಡಿಯಾಕಿಲ್ಲ. ಮದ್ಲು ಒಂದ್ ಲೆಕ್ಕ ಬುಟ್ರೆ ನಿದ್ದೆ ಬತ್ತಿರ್ಲಿಲ್ಲ. ಈಗ ಮಡಗ್‌ಬುಟ್ಟು ಮಲಗ್‌ಬೌದು" ಎಂದಳು. ಪುಸ್ತಕವನ್ನು ಮಾತ್ರ ಇಟ್ಟುಕೊಳ್ಳಲೇ ಎಂದು ಕೇಳಿದಳು.

ಮುಂದಿನ ಬೇಸಿಗೆಯಲ್ಲಿ ಮಾಗಡಿಯ ಒಂದು ಛತ್ರದಲ್ಲಿ ಅವಳ ಮದುವೆಯಾಯಿತು. ಗಂಡು ಗುಡೇಮಾರನಹಳ್ಳಿಯ ಲೋಕೇಶ್, ಡೇರಿಯ ಹಾಲಿನ ವ್ಯಾನ್ ಓಡಿಸುತ್ತಿದ್ದ, ನಗುಮುಖದವನು. ಅನಂತರಾಜು ಸುಚಿತ್ರಾಳನ್ನೂ ಕರೆದುಕೊಂಡು ಹೋಗಿದ್ದರು. ಆರತಕ್ಷತೆಯ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದಾಗ ಭಾನುಪ್ರಿಯ ಗಂಡನಿಗೆ, "ಇವ್ರು ನಮ್ಮ ಅನಂತರಾಜು ಮೇಷ್ಟ್ರು. ನಂಗೆ ಲೆಕ್ಕ ಕಲ್ಸಿದವ್ರು. ಇವ್ರಂಗೆ ಹೇಳ್ಕೊಡೋರು ಯಾರೂ ಇಲ್ಲ" ಎಂದಳು.

ಅವಳು ಅದನ್ನು ಮನಸ್ಸಿನಿಂದಲೇ ಹೇಳಿದಳು. ವ್ಯಂಗ್ಯವಿದೆಯೇ ಎಂದು ಅವರು ಅವಳ ಮುಖದಲ್ಲಿ ಹುಡುಕಿದರು. ಇರಲಿಲ್ಲ. ಲೋಕೇಶ್ ಬಾಗಿ ಕಾಲು ಮುಟ್ಟಿದ. ಅನಂತರಾಜು ಅವನ ತಲೆಯ ಮೇಲೆ ಕೈಯಿಟ್ಟರು, ಏನು ಹರಸಿದರೋ ಅವರಿಗೇ ತಿಳಿಯಲಿಲ್ಲ. ಹಿಂದೆ ನಿಂತವರು, "ಮುಂದೆ ಹೋಗಿ ಸಾ" ಎಂದರು.

ಕೆಳಗೆ ಊಟದ ಎರಡನೇ ಪಂಕ್ತಿ ಕೂರುತ್ತಿತ್ತು. ತಿಮ್ಮಯ್ಯ ಬಂದು ಅವರ ಕೈ ಹಿಡಿದು, ಉಂಡೇ ಹೋಗಬೇಕು ಎಂದು ತಾನೇ ಎಲೆಯ ಮುಂದೆ ಕೂರಿಸಿ, ಪಾಯಸ ಬಡಿಸುವವರನ್ನು ಕೂಗಿ ಕರೆದ.